ದಾರಿ ಬಿದ್ದಾಗಲೇ ಎಚ್ಚರವಾಗಬೇಕು

ಅಮೆಜಾನ್‌ನಿಂದ ಈಚೆಗೆ ಬರುತ್ತಿರುವ ಅಂಕಿಗಳು ಸಮಾಧಾನ ತರುವಂತಿವೆ. ಬ್ರೆಜಿಲ್‌ನ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ‘ಇನ್‌ಪೆ’ ಲೆಕ್ಕದಲ್ಲಿ 2021ರಲ್ಲಿ 13 ಸಾವಿರ ಚದರ ಕಿ.ಮೀ. ತಲುಪಿದ್ದ ಕಾಡುನಾಶ, 2024ರ ಹೊತ್ತಿಗೆ ಅದರ ಸುಮಾರು ಅರ್ಧಕ್ಕೆ ಇಳಿಯಿತು. ಆದರೆ ಇದನ್ನು ನಂಬಿ ಮೈಮರೆತರೆ ಅಪಾಯ. ಈ ವಾರ್ಷಿಕ ಲೆಕ್ಕಕ್ಕೆ ಸಿಗುವುದು 6.25 ಹೆಕ್ಟೇರಿಗಿಂತ ಹೆಚ್ಚು ವಿಸ್ತಾರದಲ್ಲಿ ಪೂರ್ತಿ ಬೋಳಾದ ನೆಲ ಮಾತ್ರ. ಇಪೆಯಂಥ ಬೆಲೆಬಾಳುವ ಮರಗಳನ್ನಷ್ಟೇ ಆರಿಸಿ ಕಡಿದು ಉಳಿದದ್ದನ್ನು ಬಿಟ್ಟುಹೋದರೆ, ಲೆಕ್ಕದ ಪುಸ್ತಕದಲ್ಲಿ ಅದು ಇನ್ನೂ ಕಾಡೇ.

ದೊಡ್ಡ ನಾಶ ಶುರುವಾಗುವುದು ಬಹಳ ಸಲ ಅಲ್ಲಿಂದಲೇ. ಮರ ಬಿದ್ದ ಕಿಂಡಿಯಿಂದ ಬಿಸಿಲು ನೆಲಕ್ಕಿಳಿದು ತರಗೆಲೆ ಒಣಗುತ್ತದೆ, ಬೆಂಕಿಗೆ ದಾರಿಯಾಗುತ್ತದೆ. ದಿಮ್ಮಿ ಎಳೆದೊಯ್ದ ಹಾದಿ ಹಿಡಿದೇ ನೆಲ ಕಬಳಿಸುವವರೂ ದನದ ಹುಲ್ಲುಗಾವಲು ಮಾಡುವವರೂ ಬರುತ್ತಾರೆ. ಅಮೆಜಾನ್‌ನ ಕಾಡುನಾಶದಲ್ಲಿ ಶೇ 95ರಷ್ಟು, ರಸ್ತೆಯಿಂದ ಐದೂವರೆ ಕಿ.ಮೀ. ಅಥವಾ ನದಿಯಿಂದ ಒಂದು ಕಿ.ಮೀ. ಒಳಗೇ ನಡೆದಿದೆ ಎಂದು 2014ರ ಅಧ್ಯಯನವೊಂದು ಹೇಳಿತು.

ಯಂತ್ರಕಲಿಕೆಯಿಂದ ನಿಜವಾದ ಉಪಕಾರ ಇಲ್ಲಿಯೇ. ಕಾಡಿನೊಳಗಿನ ಹೊಸ ದಾರಿ, ದಿಮ್ಮಿ ಪೇರಿಸಲು ತೆರವು ಮಾಡಿದ ಬಯಲು, ಎಳೆದ ಜಾಡು, ಇವನ್ನೆಲ್ಲ ತಜ್ಞರು ಸಾವಿರಾರು ಉಪಗ್ರಹ ಚಿತ್ರಗಳಲ್ಲಿ ಗುರುತು ಮಾಡಿ ಕಲಿಸಿದರೆ, ಕಂಪ್ಯೂಟರು ಮುಂದೆ ಅಂಥ ಗುರುತುಗಳನ್ನು ತಾನೇ ಹುಡುಕುತ್ತದೆ. ಮೋಡದ ನೆರಳು, ಬೇಸಿಗೆಯಲ್ಲಿ ಎಲೆ ಉದುರುವುದು, ಗಾಳಿಗೆ ಉರುಳಿದ ಮರ ಅದನ್ನು ಏಮಾರಿಸುವುದುಂಟು. ಆದ್ದರಿಂದ ಮನುಷ್ಯರ ಪರಿಶೀಲನೆ ಬೇಕೇ ಬೇಕು. ಆದರೆ ತಡಮಾಡುವಂತಿಲ್ಲ. ಆಯ್ದು ಕಡಿದ ಕಾಡಿನ ಚಾವಣಿ ಕೆಲವೇ ವರ್ಷಗಳಲ್ಲಿ ಮತ್ತೆ ಮುಚ್ಚಿಕೊಳ್ಳುತ್ತದೆ, ಸಾಕ್ಷ್ಯವೂ ಮುಚ್ಚಿಹೋಗುತ್ತದೆ.

ಎಚ್ಚರಿಕೆ ಯಾವಾಗ ಫಲ ಕೊಡುತ್ತದೆ ಎನ್ನುವುದನ್ನೂ ಬ್ರೆಜಿಲ್ ತೋರಿಸಿದೆ. 2004ರಲ್ಲಿ ‘ಡೆಟರ್’ ಎಂಬ ಶೀಘ್ರ ಸೂಚನಾ ವ್ಯವಸ್ಥೆ ಬಂತು. ಆ ವರ್ಷ 27,772 ಚದರ ಕಿ.ಮೀ. ಇದ್ದ ನಾಶ 2012ಕ್ಕೆ 4,571ಕ್ಕೆ ಇಳಿಯಿತು. ಚಿತ್ರಗಳಷ್ಟೇ ಇದನ್ನು ಸಾಧಿಸಲಿಲ್ಲ. ಸ್ಥಳಕ್ಕೆ ಸಿಬ್ಬಂದಿ ಹೋದರು, ದಂಡ ಬಿತ್ತು, ನಿಯಮ ಮೀರಿದವರಿಗೆ ಬ್ಯಾಂಕ್ ಸಾಲ ಕಷ್ಟವಾಯಿತು. 2019ರಲ್ಲಿ ಸರ್ಕಾರ ಅಂಕಿಗಳನ್ನೇ ಅಲ್ಲಗಳೆದು ಇನ್‌ಪೆ ಮುಖ್ಯಸ್ಥ ರಿಕಾರ್ಡೊ ಗಾಲ್ವಾವೊ ಅವರನ್ನು ತೆಗೆದುಹಾಕಿತು. ಉಪಗ್ರಹಗಳು ಆಗಲೂ ನೋಡುತ್ತಲೇ ಇದ್ದವು, ನಾಶ ಏರಿತು.

ನಮ್ಮ ಘಟ್ಟಕ್ಕೂ ಇದು ಅನ್ವಯಿಸುತ್ತದೆ. ಭಾರತೀಯ ಅರಣ್ಯ ಸರ್ವೇಕ್ಷಣೆಯ ವರದಿಯಲ್ಲಿ ಒಂದು ಹೆಕ್ಟೇರಿನಲ್ಲಿ ಶೇ 10ರಷ್ಟು ಮರದ ಹೊದಿಕೆ ಇದ್ದರೆ ಕಾಫಿ ತೋಟವೂ ಅರಣ್ಯ ಹೊದಿಕೆಯೇ. ಈ ಅಳತೆಗೆ ಬೀಟೆ, ಹೊನ್ನೆ ಕಳೆದುಹೋದದ್ದು ಗೊತ್ತಾಗುವುದೇ ಇಲ್ಲ. ಮಳೆಗಾಲದ ಮೋಡವಂತೂ ತಿಂಗಳುಗಟ್ಟಲೆ ಸಾಮಾನ್ಯ ಕ್ಯಾಮೆರಾಗಳಿಗೆ ಅಡ್ಡ ನಿಲ್ಲುತ್ತದೆ. 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿದ ಉಪಗ್ರಹ ನಿಸಾರ್‌ನ ರಾಡಾರ್‌ಗೆ ಆ ಅಡ್ಡಿಯಿಲ್ಲ. ಅದು 12 ದಿನಗಳ ಸುತ್ತಿನಲ್ಲಿ ಅದೇ ಜಾಗವನ್ನು ಮತ್ತೆ ನೋಡುತ್ತದೆ. ಒಂಟಿ ಮರ ಉರುಳಿದ್ದು ಅದಕ್ಕೂ ಕಾಣದಿರಬಹುದು, ಹತ್ತಾರು ಮರ ಒಟ್ಟಿಗೆ ಹೋದರೆ ಸುಳಿವು ಸಿಗಬಹುದು.

ಕಾಡ್ಗಿಚ್ಚಿನ ಉಪಗ್ರಹ ಸೂಚನೆ ಈಗಲೂ ಅರಣ್ಯ ಸಿಬ್ಬಂದಿಯ ಮೊಬೈಲಿಗೆ ಬರುತ್ತದೆ. ಮರಗಡಿತದ ಸೂಚನೆಯೂ ಅದೇ ವೇಗದಲ್ಲಿ ವಲಯ ಅರಣ್ಯಾಧಿಕಾರಿಗೂ ಗ್ರಾಮ ಅರಣ್ಯ ಸಮಿತಿಗೂ ಒಂದೇ ದಿನ ತಲುಪಬೇಕು. ಯಾರು, ಎಷ್ಟು ದಿನದೊಳಗೆ ಸ್ಥಳಕ್ಕೆ ಹೋಗಬೇಕೆಂದು ಆದೇಶದಲ್ಲೇ ಬರೆದಿರಬೇಕು. ಅವರು ಕಂಡದ್ದು ಸಾರ್ವಜನಿಕರಿಗೂ ಸಿಗಬೇಕು. ಮುಂದಿನ ಮಳೆಗಾಲ ಹಿಡಿಯುವ ಮುನ್ನ ಸರ್ಕಾರ ಆ ಆದೇಶ ಹೊರಡಿಸಲಿ.