ಬಾಲನ್ಯಾಯ ಮಂಡಳಿ ತಾಲ್ಲೂಕಿಗೆ ಬರಲಿ

ಅಂಗಳದಲ್ಲಿ ಒಣಹಾಕಿದ್ದ ಅಡಿಕೆ ಹೋಯಿತೆಂದು ದೂರು. ಕೂಲಿಯವನ 15 ವರ್ಷದ ಹುಡುಗನ ಮೇಲೆ ಗುಮಾನಿ. ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಇಂಥ ದೂರು ಹೊಸದಲ್ಲ. ಮುಂದೇನು?

ಕಾನೂನನ್ನು ಕೇಳಿದರೆ ಉತ್ತರ ಚೆನ್ನಾಗಿಯೇ ಇದೆ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ 18 ತುಂಬದವರನ್ನು ಲಾಕಪ್ಪಿಗೆ ಹಾಕಕೂಡದು, ಜೈಲಿಗೆ ಕಳಿಸಕೂಡದು. ಹಿಡಿದರೆ 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಂಡಳಿಯೆಂದರೆ ಒಬ್ಬ ಮ್ಯಾಜಿಸ್ಟ್ರೇಟು, ಇಬ್ಬರು ಸಮಾಜಸೇವಕರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಇಂಥ ಸಣ್ಣ ಕಳವಿನ ವಿಚಾರಣೆ 4 ತಿಂಗಳಲ್ಲಿ, ಅವಧಿ ಬೆಳೆಸಿದರೆ 6 ತಿಂಗಳಲ್ಲಿ ಮುಗಿಯದಿದ್ದರೆ ಪ್ರಕರಣವೇ ಬಿದ್ದುಹೋಗುತ್ತದೆ. ಬುದ್ಧಿ ಹೇಳಿ ಮನೆಗೆ ಕಳಿಸುವ ಅಧಿಕಾರವೂ ಮಂಡಳಿಗೆ ಉಂಟು.

ಆದರೆ ಮಂಡಳಿ ಇರುವುದು ಜಿಲ್ಲೆಗೊಂದು ಎಂಬ ಲೆಕ್ಕದಲ್ಲಿ, ಶಿವಮೊಗ್ಗದಲ್ಲಿ. ನಮ್ಮ ತಾಲ್ಲೂಕು ಕೇಂದ್ರಗಳಿಂದಲೇ ಅದು ಹೆಚ್ಚುಕಡಿಮೆ 60-70 ಕಿಲೋಮೀಟರು. ತುಮರಿಯಿಂದ 100 ದಾಟುತ್ತದೆ. 2025ರಲ್ಲಿ ಸೇತುವೆಯಾಗಿ ಲಾಂಚು ಕಾಯುವುದು ತಪ್ಪಿತು, ದಾರಿ ಸವೆಸುವುದು ತಪ್ಪಲಿಲ್ಲ. ಪ್ರತಿ ವಾಯಿದೆಗೂ ಹುಡುಗನ ಶಾಲೆ ಹೋಯಿತು, ತಂದೆಯ ಕೂಲಿ ಹೋಯಿತು. ತಾಯಿಗೆ ಟಿಕೆಟ್ಟಿಲ್ಲವಲ್ಲ ಎನ್ನುವವರು ಸರ್ಕಾರಿ ಬಸ್ಸನ್ನು ನೆನೆದು ಹೇಳುತ್ತಿದ್ದಾರೆ. ಇಲ್ಲಿ ಹೆಚ್ಚಾಗಿ ಓಡುವುದು ಖಾಸಗಿ ಬಸ್ಸು. ಅಲ್ಲಿ ಶಕ್ತಿ ಯೋಜನೆ ನಡೆಯದು.

ಹುಡುಗನಿಗೆ ನಾಲ್ಕು ಬಿಗಿದು ತಂದೆಯಿಂದ ದಂಡ ಕೀಳುವ ಜಗಲಿಯ ನ್ಯಾಯಕ್ಕೆ ಬಡವ ತಲೆಬಾಗುವುದು ಇದರಿಂದಲೇ. ಆ ನ್ಯಾಯ ಅವನಿಗೆ ಹತ್ತಿರ. ಹುಡುಗ ಕದ್ದನೇ ಇಲ್ಲವೇ ಎಂದು ಅಲ್ಲಿ ಕೇಳುವವರಿಲ್ಲ.

ಆಫ್ರಿಕಾದ ಉಗಾಂಡ ದೇಶವು 1996ರ ಕಾನೂನಿನಲ್ಲಿ ಮಕ್ಕಳ ಸಣ್ಣ ಕಳವು, ಹೊಡೆದಾಟಗಳ ವಿಚಾರಣೆಯನ್ನು ಹಳ್ಳಿಯ ಸಮಿತಿಗೇ ಒಪ್ಪಿಸಿತು. ಕ್ಷಮೆ ಕೇಳಿಸಬಹುದು, ನಷ್ಟ ತುಂಬಿಸಬಹುದು, ಎಚ್ಚರಿಕೆ ಕೊಟ್ಟು ಬಿಡಬಹುದು, ಕೂಡಿಹಾಕುವಂತಿಲ್ಲ. ನ್ಯಾಯ ಮನೆಯ ಹತ್ತಿರ ಸಿಗಬೇಕೆಂಬುದನ್ನು ನಾವು ಒಪ್ಪುತ್ತೇವೆ. ಊರವರ ಕೈಗೇ ಬಿಡುವುದನ್ನು ಒಪ್ಪೆವು. ನಮ್ಮ ಊರುಗಳಲ್ಲಿ ಕಟ್ಟೆಯ ಮೇಲೆ ಕೂರುವವರು ಯಾರು, ಅಡಿಕೆ ಯಾರದು ಎಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಂಡಳಿಯೇ ಬರಲಿ. ತಿಂಗಳಿಗೊಂದು ದಿನ ಸಾಗರ, ಒಂದು ದಿನ ಹೊಸನಗರ, ಒಂದು ದಿನ ತೀರ್ಥಹಳ್ಳಿ. ಕೋರ್ಟಿನ ಕಟ್ಟಡ ಬೇಡ, ವಿದ್ಯಾರ್ಥಿನಿಲಯದ ಒಂದು ಕೋಣೆ ಸಾಕು. ಕೂರುವ ಸ್ಥಳದ ನಿಯಮ ಅಡ್ಡ ಬರುವುದಾದರೆ ರಾಜ್ಯ ಸರ್ಕಾರ ಅದನ್ನು ತಿದ್ದಲಿ. ಮಂಡಳಿ ಸೇರದ ದಿನ ಒಬ್ಬ ಸದಸ್ಯರ ಮುಂದೆಯೇ ಹುಡುಗನನ್ನು ಹಾಜರುಪಡಿಸಬಹುದೆಂದು ಕಾಯಿದೆಯೇ ಹೇಳುತ್ತದೆ. ಹಾಗಿದ್ದ ಮೇಲೆ ಆ ಇಬ್ಬರು ಸಮಾಜಸೇವಕರಲ್ಲಿ ಒಬ್ಬರನ್ನಾದರೂ ಈ ಮೂರು ತಾಲ್ಲೂಕುಗಳಿಂದ ಆರಿಸಲು ಸರ್ಕಾರಕ್ಕೆ ಇರುವ ಅಡ್ಡಿಯೇನು?