ಹೊಸಬರು ಅಂದ್ರೆ ಹುಡುಗರು ಅಂತ ಯಾರು ಹೇಳಿದ್ದು?

1/7
ಈ ವಾರ ನಿಮ್ಮಲ್ಲಿ ಅರ್ಧ ಜನ ಒಂದೇ ಪೋಸ್ಟರ್‌ನ ಸ್ಟೋರಿಗೆ ಹಾಕಿದ್ರಿ. ‘ಹೊಸ ಬರಹಗಾರರಿಗೆ ಕಾಮಿಡಿ ಸ್ಕ್ರಿಪ್ಟ್ ಸ್ಪರ್ಧೆ’. ಕೆಳಗೆ ಸಣ್ಣಕ್ಷರದಲ್ಲಿ ‘ವಯಸ್ಸು 18ರಿಂದ 25’. ಆಯೋಜಕರ ಹೆಸರು ಹೇಳಲ್ಲ, ಯಾಕಂದ್ರೆ ಇದು ಅವರೊಬ್ಬರ ಕಾಯಿಲೆ ಅಲ್ಲ. ನಮ್ಮೆಲ್ಲರದ್ದೂ.

ಹೊಸ ಬರಹಗಾರರು ಅಂದ್ರೆ ಯಾರು? ಹೊಸದಾಗಿ ಬರೀತಿರೋರು. ಹೊಸದಾಗಿ ಹುಟ್ಟಿರೋರಲ್ಲ.

2/7
ನಮ್ಮ ದೊಡ್ಡಮ್ಮಂಗೆ 54. ತಿಪಟೂರು ಕಡೆ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯೋ ಕೆಲಸ. ರಾತ್ರಿ ಊಟ ಆದ್ಮೇಲೆ ಫೋನಲ್ಲೇ ಟೈಪ್ ಮಾಡ್ತಾ ಮಾಡ್ತಾ ಮೊದಲನೇ ಸಲ ಒಂದು ಕಾಮಿಡಿ ಸ್ಕ್ರಿಪ್ಟ್ ಮುಗಿಸಿದ್ದಾರೆ. ಕಥೆ ಇಷ್ಟೇ: ಒಂದು ಮನೆಯ ಮುಯ್ಯಿ ಪುಸ್ತಕ ಕಳೆದುಹೋಗುತ್ತೆ. ಯಾರ ಮದುವೆಗೆ ಎಷ್ಟು ವಾಪಸ್ ಹಾಕ್ಬೇಕು ಅಂತ ಗೊತ್ತಾಗಲ್ಲ. 101 ಹಾಕಿದ್ದೋರು 1001 ಹಾಕಿದ್ವಿ ಅಂತಾರೆ. ಏನೂ ಹಾಕದೆ ಊಟ ಮಾಡ್ಕೊಂಡು ಹೋದೋರು ಬೆಳ್ಳಿ ಲೋಟ ಕೊಟ್ಟಿದ್ವಲ್ಲ ಅಂತಾರೆ. ಬಸ್ಸಲ್ಲಿ ಓದ್ತಾ ನಾನು ಒಬ್ಬಳೇ ನಕ್ಕಿದ್ದೀನಿ, ಪಕ್ಕದ ಸೀಟಿನೋರು ಎದ್ದು ಹೋದ್ರು.

ಈ ಸ್ಪರ್ಧೆಗೆ ದೊಡ್ಡಮ್ಮ ಕಳಿಸೋ ಹಾಗಿಲ್ಲ. ನಾನು ಕಳಿಸಬಹುದು. ನನ್ನ ಹತ್ರ ಸ್ಕ್ರಿಪ್ಟೇ ಇಲ್ಲ!

ಕ್ಲಾಸ್ ಗ್ರೂಪಲ್ಲಿ ಇದನ್ನ ಹೇಳಿದ್ರೆ ಬಂದ ಉತ್ತರ: ‘ಆಂಟಿಗೆ ಈ ವಯಸ್ಸಲ್ಲಿ ಯಾಕೆ ಬೇಕಿತ್ತು?’ ಜೊತೆಗೆ ನಗೋ ಎಮೋಜಿ ಆರು. ಅವರು ಬರೆದಿದ್ದಕ್ಕೆ ನಗಬೇಕಿತ್ತು ಕಣ್ರೋ, ಬರೆದೋರನ್ನ ನೋಡಿ ಅಲ್ಲ.

3/7
ಬಿಕಾಂ ಮಕ್ಕಳಲ್ವಾ ನಾವು, ಲೆಕ್ಕದಲ್ಲೇ ಮಾತಾಡೋಣ. ನೀವು ಮನುಷ್ಯರ ಹಾಸ್ಯಪ್ರಜ್ಞೆಗೆ ಡಿಪ್ರಿಸಿಯೇಷನ್ ಹಾಕ್ತಿದ್ದೀರಿ. ಸ್ಟ್ರೈಟ್ ಲೈನ್ ಮೆಥಡ್‌ನಲ್ಲಿ ವರ್ಷಕ್ಕಿಷ್ಟು ಅಂತ ಕಳೆದು, 25ಕ್ಕೆಲ್ಲ ಸ್ಕ್ರ್ಯಾಪ್ ವ್ಯಾಲ್ಯೂಗೆ ತಂದುಬಿಟ್ಟಿದ್ದೀರಿ. ಮಷಿನ್‌ಗೆ ಹಾಕಿ, ಸರಿ. ಜಮೀನಿಗೆ ಹಾಕ್ತೀವಾ? ಹಾಕಲ್ಲ. ಫಸ್ಟ್ ಸೆಮ್ ಪಾಠ ಅದು.

ನಮ್ಮ ಫೆಸ್ಟ್ ಸ್ಕಿಟ್‌ಗಳನ್ನ ಒಂದ್ಸಲ ನೆನಪು ಮಾಡ್ಕೊಳ್ಳಿ. ಲೆಕ್ಚರರ್ ಮಿಮಿಕ್ರಿ, ಅಟೆಂಡೆನ್ಸ್ ಶಾರ್ಟೇಜ್, ಬ್ರೇಕಪ್. ಮತ್ತೆ ಲೆಕ್ಚರರ್ ಮಿಮಿಕ್ರಿ. ತಪ್ಪಲ್ಲ, ನಮ್ಮ ಹತ್ರ ಇರೋ ಸರಕೇ ಅಷ್ಟು. ಸಾಲ, ಬೀಗರು, ಟ್ರಾನ್ಸ್‌ಫರ್, ಸೈಟು, ಪಿಂಚಣಿ, ಮಂಡಿನೋವು, ಇದನ್ನೆಲ್ಲ ಒಳಗಿಂದ ನೋಡಿರೋರ ಹತ್ರ ಎಷ್ಟಿರಬೇಕು!

4/7
‘ಯೂತ್ ಹ್ಯೂಮರ್ ಅವರಿಗೆ ಬರಲ್ಲ’ ಅಂತೀರಾ? ‘ಚಶ್ಮೆ ಬದ್ದೂರ್’ ನೋಡಿ. ದಿಲ್ಲಿಯ ಮೂರು ಜನ ಬ್ಯಾಚುಲರ್ ಹುಡುಗರು, ಒಬ್ಬಳು ಹುಡುಗಿ, ಸುಳ್ಳಿನ ಮೇಲೆ ಸುಳ್ಳು. 1981ರ ಸಿನಿಮಾ. ಬರೆದು ನಿರ್ದೇಶಿಸಿದ ಸಾಯಿ ಪರಾಂಜಪೆ ಹುಟ್ಟಿದ್ದು 1938ರಲ್ಲಿ. ನಾಟಕ, ಟಿವಿಯಲ್ಲಿ ಪಳಗಿದ್ದ ಆ ಹೆಂಗಸಿಗೆ ಆಗ 43.

ಲ್ಯಾರಿ ಡೇವಿಡ್ ಹುಟ್ಟಿದ್ದು 1947. ‘ಸೈನ್‌ಫೆಲ್ಡ್’ 1989ರಲ್ಲಿ ಟಿವಿಗೆ ಬಂದಾಗ 42. ‘ಕರ್ಬ್ ಯುವರ್ ಎಂಥೂಸಿಯಾಸಂ’ ಶುರುವಾದಾಗ 53, 2024ರಲ್ಲಿ ಮುಗಿದಾಗ 76. ಆ ಷೋ ನಗಿಸೋದೇ ವಯಸ್ಸಾದ ಒಬ್ಬ ಸಿಡುಕನ ಕಿರಿಕ್‌ನಿಂದ.

ನಮ್ಮವರು ಬೇಕಾ? ಟಿ.ಪಿ. ಕೈಲಾಸಂ ಲಂಡನ್‌ನಲ್ಲಿ ಭೂವಿಜ್ಞಾನ ಓದಿ ಬಂದೋರು. ಹುಟ್ಟಿದ್ದು 1884, ‘ಟೊಳ್ಳು ಗಟ್ಟಿ’ ಬಂದಿದ್ದು 1918ರಲ್ಲಿ. ಈ ಪೋಸ್ಟರ್ ಲೆಕ್ಕದಲ್ಲಿ ಒಂಬತ್ತು ವರ್ಷ ಲೇಟು!

ಇನ್ನು ‘ತಿಥಿ’. ಸೆಂಚುರಿ ಗೌಡ, ಗಡ್ಡಪ್ಪನ್ನ ನೋಡಿ ಎಷ್ಟು ನಕ್ಕಿದ್ದೀವಿ. ಅದನ್ನ ಮಾಡಿದ ರಾಮ್ ರೆಡ್ಡಿಗೆ ಆಗ ವಯಸ್ಸು ಇಪ್ಪತ್ತೈದರ ಆಸುಪಾಸು. ಹುಡುಗರು ಮುದುಕರ ಬಗ್ಗೆ ಬರೆದ್ರೆ ‘ವಾವ್’. ದೊಡ್ಡೋರು ಹುಡುಗರ ಬಗ್ಗೆ ಬರೆದ್ರೆ ‘ಯಾಕೆ ಬೇಕಿತ್ತು’. ಇದ್ಯಾವ ನ್ಯಾಯ?

5/7
ಹಾಗಾದ್ರೆ ‘ಹೊಸಬರು’ ಅಂತ ಗುರುತಿಸೋದು ಹೇಗೆ? ಆಸ್ಕರ್ ಕೊಡೋ ಅಕಾಡೆಮಿಯೇ 1980ರ ದಶಕದಿಂದ ಹೊಸ ಚಿತ್ರಕಥೆಗಾರರಿಗೆ ನಿಕೋಲ್ ಫೆಲೋಶಿಪ್ ಕೊಡ್ತಾ ಬಂದಿದೆ. ಅವರು ಹುಟ್ಟಿದ ದಿನಾಂಕದ ಮೇಲೆ ಹೊಸಬರನ್ನ ಅಳೆಯಲ್ಲ. ಚಿತ್ರಕಥೆ ಬರೆದು ಇಲ್ಲಿವರೆಗೆ ಎಷ್ಟು ದುಡಿದಿದ್ದೀರಿ ಅನ್ನೋದರ ಮೇಲೆ ಅಳೀತಾರೆ. ಆಸ್ಟಿನ್ ಫಿಲ್ಮ್ ಫೆಸ್ಟಿವಲ್‌ನ ಸ್ಪರ್ಧೆಯಲ್ಲಿ ಕಾಮಿಡಿ ಚಿತ್ರಕಥೆಗೇ ಬೇರೆ ವಿಭಾಗ ಇದೆ. ಹೊಸಬರನ್ನ ಗುರುತಿಸೋಕೆ ಆಧಾರ್ ಕಾರ್ಡ್ ಬೇಕಿಲ್ಲ. ಹೆಸರು, ವಯಸ್ಸು ಮುಚ್ಚಿ ಜಡ್ಜ್ ಕೈಗೆ ಸ್ಕ್ರಿಪ್ಟ್ ಕೊಡಿ, ಸಾಕು.

6/7
‘ಹುಡುಗರಿಗೆ ಎಲ್ಲೂ ಅವಕಾಶ ಇಲ್ಲ, ಒಂದು ಕಡೆಯಾದ್ರೂ ಇರಲಿ’ ಅನ್ನೋರಿದ್ದೀರಿ. ಒಪ್ತೀನಿ. ಹಾಗಿದ್ರೆ ‘ವಿದ್ಯಾರ್ಥಿ ಸ್ಪರ್ಧೆ’ ಅಂತ ಹೆಸರಿಡಿ. ನಮ್ಮ ಕಾಲೇಜು ಟೂರ್ನಮೆಂಟ್‌ಗೆ ದೊಡ್ಡಮ್ಮ ಬ್ಯಾಟ್ ಹಿಡ್ಕೊಂಡು ಬರ್ತೀನಿ ಅನ್ನಲ್ಲ. ‘ಹೊಸ ಬರಹಗಾರರು’ ಅನ್ನೋ ದೊಡ್ಡ ಹೆಸರಿಟ್ಟು ಚಿಕ್ಕ ಬಾಗಿಲು ಇಡೋದೇ ಮೋಸ.

ಇನ್ನೊಂದು ಮಾತು. ಇವತ್ತು 26 ಅಂದ್ರೆ ಲೇಟ್ ಅಂತ ನಾವೇ ರೂಲ್ಸ್ ಮಾಡಿದ್ರೆ, ಆ ರೂಲ್ಸ್ ಆರು ವರ್ಷಕ್ಕೆ ನಮ್ಮ ಮೇಲೇ ಬೀಳುತ್ತೆ. ಡಿಗ್ರಿ, ಕೆಲಸ, ಎಜುಕೇಷನ್ ಲೋನ್ ಇಎಂಐ, ತಂಗಿ ಮದುವೆ. ನಮ್ಮಲ್ಲಿ ಎಷ್ಟು ಜನಕ್ಕೆ 25ರೊಳಗೆ ಕೂತು ಬರೆಯೋ ಪುರುಸೊತ್ತು ಸಿಗುತ್ತೆ? ದೊಡ್ಡಮ್ಮಂಗೆ ಸಿಕ್ಕಿದ್ದು 53ಕ್ಕೆ.

7/7
ನಿಮ್ಮನೇಲೂ ಯಾರೋ ಕದ್ದುಮುಚ್ಚಿ ಬರೀತಿರಬಹುದು. ಅವರಿಗೆ ಇಷ್ಟು ಹೇಳಿ:

ಬರೀ ಐಡಿಯಾಗೆ ಕಾಪಿರೈಟ್ ಇಲ್ಲ. ಬರೆದ ರೂಪಕ್ಕೆ ಮಾತ್ರ ಇದೆ. 1978ರಲ್ಲಿ ಆರ್.ಜಿ. ಆನಂದ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಆ ಕೇಸ್ ಶುರುವಾಗಿದ್ದೂ ಒಂದು ನಾಟಕದಿಂದ. ಅದಕ್ಕೇ ಕಥೆ ಹೇಳ್ಕೊಂಡು ತಿರುಗಬೇಡಿ, ಪೂರ್ತಿ ಬರೆದಿಡಿ. ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನಲ್ಲಿ ಸದಸ್ಯರು ಆನ್‌ಲೈನಲ್ಲೇ ಸ್ಕ್ರಿಪ್ಟ್ ನೋಂದಾಯಿಸಬಹುದು.

ಪ್ರವೇಶ ಶುಲ್ಕ ಖರ್ಚು, ಹೂಡಿಕೆ ಅಲ್ಲ. ವರ್ಷಕ್ಕೆ ಇಷ್ಟೇ ಅಂತ ಬಜೆಟ್ ಹಾಕ್ಕೊಳ್ಳಿ. ‘ಕಳಿಸಿದ ಸ್ಕ್ರಿಪ್ಟ್‌ನ ಹಕ್ಕು ಆಯೋಜಕರದ್ದು’ ಅಂತ ನಿಯಮ ಇದ್ರೆ ಕಳಿಸಲೇಬೇಡಿ.

ಈಗ ನಿಮಗೆ ಕೆಲಸ. ಸ್ಕ್ರಿಪ್ಟ್‌ನ ಒಂದು ಪುಟ ಅಂದ್ರೆ ಪರದೆ ಮೇಲೆ ಸುಮಾರು ಒಂದು ನಿಮಿಷ ಅನ್ನೋದು ರೂಢಿ. ಹತ್ತು ಪುಟ ಅಂದ್ರೆ ಹತ್ತು ನಿಮಿಷದ ಸಿನಿಮಾ. ಅಷ್ಟು ಹೊತ್ತು ರೀಲ್ಸ್ ಬಿಟ್ಟು ಅವರು ಬರೆದಿದ್ದನ್ನ ಓದಿ. ದೊಡ್ಡಮ್ಮ ಒಪ್ಪಿದ್ದಾರೆ, ಬೇಕಾದೋರು ಮೆಸೇಜ್ ಮಾಡಿ, ಮೊದಲ ಹತ್ತು ಪುಟ ಕಳಿಸ್ತೀನಿ. ಆದ್ರೆ ‘ಆಂಟಿ ಸೋ ಕ್ಯೂಟ್’ ಅಂತ ಮಾತ್ರ ಹಾಕ್ಬೇಡಿ. ಯಾವ ಸೀನಲ್ಲಿ ನಗು ಬರ್ಲಿಲ್ಲ ಅಂತ ಹೇಳಿ. ಬರಹಗಾರರಿಗೆ ಕೊಡೋ ಮರ್ಯಾದೆ ಅಂದ್ರೆ ಅದು.