ಸಹಿ ಹಾಕುವ ಮುನ್ನ ಕೊನೆಯ ಪುಟ ಓದಿ



ಹೋದ ತಿಂಗಳು ಸಿದ್ದಾಪುರದಿಂದ ನನ್ನ ತಂಗಿಯ ನೆಗೆಣ್ಣಿ ಬಂದಿದ್ದಳು. ಕೈಯಲ್ಲಿ ಇಪ್ಪತ್ತು ಪುಟದ ಕರಾರು ಪತ್ರ. ಊರಲ್ಲಿ ಒಂದು ಮಳಿಗೆ ಸಿಕ್ಕಿದೆ, ದೊಡ್ಡ ಕಂಪನಿಯೊಂದರ ಹೆಸರಿನಲ್ಲಿ ಬೇಕರಿ ಇಡಬೇಕೆಂಬ ಆಸೆ. ಇದಕ್ಕೇ ಫ್ರಾಂಚೈಸಿ ಎನ್ನುತ್ತಾರೆ. ಹೆಸರು, ಬೋರ್ಡು ಅವರದು. ದುಡ್ಡು, ದುಡಿಮೆ ನಮ್ಮದು. ಠೇವಣಿ ನಾಲ್ಕು ಲಕ್ಷ. ಬಂಗಾರ ಅಡವಿಟ್ಟೇ ಕೊಡಬೇಕು.

"ಅಕ್ಕಾರ, ಲಾಭದ ಲೆಕ್ಕ ಚಲೋ ಐತ್ರಿ. ಸಹಿ ಮಾಡ್ಲೇನ್ರಿ?" ಎಂದಳು.

ನಾನು ಮೊದಲು ತೆರೆದದ್ದು ಕೊನೆಯ ಪುಟ. ಸಣ್ಣ ಅಕ್ಷರದಲ್ಲಿ ಎರಡು ಸಾಲು: ತಕರಾರು ಬಂದರೆ ಕಂಪನಿ ನೇಮಿಸಿದ ಪಂಚರು ದಿಲ್ಲಿಯಲ್ಲಿ ತೀರ್ಮಾನಿಸುವರು, ದಿಲ್ಲಿಯ ನ್ಯಾಯಾಲಯಗಳಿಗೆ ಮಾತ್ರ ಅಧಿಕಾರ.

"ನಾಳೆ ಠೇವಣಿ ವಾಪಸು ಬಾರದಿದ್ದರೆ, ಅಂಗಡಿಗೆ ಬೀಗ ಹಾಕಿ, ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು ದಿಲ್ಲಿಗೆ ಎಷ್ಟು ಸಲ ಹೋಗ್ತೀಯವ್ವಾ?" ಎಂದೆ. ಅವಳ ಮುಖ ಸಣ್ಣದಾಯಿತು.

ಕಾನೂನು ಏನು ಹೇಳುತ್ತದೆ ನೋಡೋಣ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಕಲಮಿನ ಪ್ರಕಾರ ಪ್ರತಿವಾದಿ ವ್ಯವಹಾರ ನಡೆಸುವ ಊರಿನಲ್ಲಿ, ಇಲ್ಲವೇ ವ್ಯಾಜ್ಯದ ಕಾರಣ ಸ್ವಲ್ಪವಾದರೂ ಹುಟ್ಟಿದ ಊರಿನಲ್ಲಿ ದಾವೆ ಹೂಡಬಹುದು. ಸಿದ್ದಾಪುರದ ಅಂಗಡಿಯ ವ್ಯವಹಾರದಿಂದಲೇ ತಕರಾರು ಹುಟ್ಟಿದರೆ ಕೊಪ್ಪಳ ಜಿಲ್ಲೆಯ ನ್ಯಾಯಾಲಯಕ್ಕೂ ಹೋಗಬಹುದು. ಆದರೆ ಎರಡು ಊರಿನ ನ್ಯಾಯಾಲಯಗಳಿಗೆ ಅಧಿಕಾರವಿದ್ದಾಗ, ಒಂದನ್ನೇ ಆರಿಸಿಕೊಂಡ ಕರಾರು ಸಿಂಧು. ಅಧಿಕಾರವೇ ಇಲ್ಲದ ನ್ಯಾಯಾಲಯಕ್ಕೆ ಮಾತ್ರ ಕರಾರಿನಿಂದ ಅಧಿಕಾರ ಬಾರದು. ಸುಪ್ರೀಂ ಕೋರ್ಟು ಇದನ್ನು 1971ರಲ್ಲೇ ಹೇಳಿದೆ. 'ಮಾತ್ರ' ಎಂಬ ಪದ ಇಲ್ಲದಿದ್ದರೂ, ಒಂದು ಊರನ್ನು ಹೆಸರಿಸಿದರೆ ಉಳಿದವನ್ನು ಬಿಟ್ಟಂತೆಯೇ ಎಂದು 2013ರಲ್ಲಿ ತೀರ್ಪಾಯಿತು.

ಪಂಚರ ತೀರ್ಪಿನ, ಅಂದರೆ ಆರ್ಬಿಟ್ರೇಷನ್ ಷರತ್ತು ಇನ್ನೂ ಬಿಗಿ. ಅದರ 'ಸೀಟ್' ಎಂದು ಬರೆದ ಊರಿಗೂ ವ್ಯವಹಾರಕ್ಕೂ ನಂಟಿಲ್ಲದಿದ್ದರೂ ಆ ಊರಿನ ನ್ಯಾಯಾಲಯವೇ ಗತಿ ಎಂದು 2017ರ ತೀರ್ಪು. ಒಂದು ಸಮಾಧಾನವೆಂದರೆ, ಫಲಿತಾಂಶದಲ್ಲಿ ಹಿತಾಸಕ್ತಿ ಇರುವ ಕಂಪನಿಯ ಮುಖ್ಯಸ್ಥ ತಾನೊಬ್ಬನೇ ಪಂಚರನ್ನು ನೇಮಿಸುವಂತಿಲ್ಲ ಎಂದು 2019ರಲ್ಲಿ ಅದೇ ಕೋರ್ಟು ಹೇಳಿದೆ.

ಹಾಗಾದರೆ ನಾವೇನು ಮಾಡಬೇಕು?

ಸಹಿಗೆ ಮೊದಲೇ ಬಾಯಿಬಿಟ್ಟು ಕೇಳಿ. ಕೊಪ್ಪಳ ಎಂದು ಬರೆಸಿ. ಒಪ್ಪದಿದ್ದರೆ ಬೆಂಗಳೂರಾದರೂ ಇರಲಿ. ಪಂಚರನ್ನು ಇಬ್ಬರೂ ಸೇರಿ ಆರಿಸಬೇಕು ಎಂದು ಸೇರಿಸಿ. ಬಾಯಿಮಾತಿನ ಭರವಸೆ ಬೇಡ, ಕರಾರಿನಲ್ಲೇ ಬರಬೇಕು. ರಶೀದಿ, ಪತ್ರ, ಫೋನಿನ ಸಂದೇಶ ಯಾವುದನ್ನೂ ಅಳಿಸಬೇಡಿ.

ಫ್ರಾಂಚೈಸಿ ತಕರಾರು ಮೂರು ಲಕ್ಷ ಅಥವಾ ಮೇಲ್ಪಟ್ಟ ಮೊತ್ತದ್ದಾದರೆ ಅದು ವಾಣಿಜ್ಯ ವ್ಯಾಜ್ಯ. ತುರ್ತು ತಡೆ ಬೇಕಿಲ್ಲದಿದ್ದರೆ, ದಾವೆಗೆ ಮೊದಲು ರಾಜಿ ಸಂಧಾನಕ್ಕೆ ಹೋಗಲೇಬೇಕು.

ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೇ ಕಲಮಿನಂತೆ, ವ್ಯಾಜ್ಯದಲ್ಲಿ ಹುರುಳಿದ್ದರೆ ಹೆಂಗಸರಿಗೆ ವಕೀಲರ ನೆರವು ಉಚಿತ, ವರಮಾನ ಎಷ್ಟೇ ಇರಲಿ. ಕೊಪ್ಪಳದ ಜಿಲ್ಲಾ ಪ್ರಾಧಿಕಾರದಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಫೋನು ಮಾಡಿ.

ಮೊನ್ನೆ ಅವಳ ಫೋನು ಬಂತು. ಕಂಪನಿಯವರು ಹದಿನೈದು ದಿನ ಎಳೆದಾಡಿ ಬೆಂಗಳೂರಿಗೆ ಒಪ್ಪಿದ್ದಾರಂತೆ. ಪಂಚರ ಮಾತು ಇನ್ನೂ ಬಗೆಹರಿದಿಲ್ಲ. "ಅದು ಆಗೋತನಕ ಬಂಗಾರ ಪೆಟ್ಟಿಗ್ಯಾಗ ಐತ್ರಿ ಅಕ್ಕಾರ" ಎಂದಳು.

ಮಗಳನ್ನು ಕೊಡುವಾಗ ಹತ್ತು ಕಡೆ ವಿಚಾರಿಸುವ ನಾವು, ಸಹಿ ಕೊಡುವಾಗ ಒಂದು ಪುಟ ಓದಬಾರದೇ?